ಭೀಮೆಯಿಂದ ಕೃಷ್ಣೆಯವರೆಗೆ: ಯಾದಗಿರಿ ಸೀಮೆಯಲ್ಲಿ ಒಂದು ಸುತ್ತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾದಗಿರಿಯ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕುವುದು ನಮ್ಮ ಪತ್ರಿಕೆ ಓದುಗರಿಗೆ ರೂಢಿಯಾಗಿಬಿಟ್ಟಿದೆ. 2024ರಲ್ಲಂತೂ ಅದು ಕಟ್ಟಕಡೆಗೇ ಇತ್ತು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲೇ ಕಡಿಮೆ ಸಾಕ್ಷರತೆ ಇಲ್ಲಿಯದು, ಶೇ 52ರ ಆಸುಪಾಸು. ಕೇಂದ್ರ ಸರ್ಕಾರ 2018ರಲ್ಲಿ ದೇಶದ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎಂಬ ಮರ್ಯಾದೆಯ ಹೆಸರಿಟ್ಟಾಗ ಕರ್ನಾಟಕದಿಂದ ಸೇರಿದ್ದು ಎರಡೇ: ರಾಯಚೂರು ಮತ್ತು ಯಾದಗಿರಿ.

ಪಟ್ಟಿಗಳು ಸುಳ್ಳು ಹೇಳುತ್ತಿಲ್ಲ. ಆದರೆ ಈ ರಾಜ್ಯದಲ್ಲಿ ಮನುಷ್ಯ ಎಲ್ಲೆಲ್ಲಿ ಎಷ್ಟು ಕಾಲದಿಂದ ಬದುಕಿದ್ದಾನೆ ಎಂದು ಯಾರಾದರೂ ಪಟ್ಟಿ ಮಾಡಿದರೆ ಯಾದಗಿರಿಯನ್ನು ಮೇಲಿನಿಂದಲೇ ಓದಬೇಕಾಗುತ್ತದೆ. ಆ ಪಟ್ಟಿ ಹಿಡಿದು ಹೊರಟಿದ್ದು ಸಂಕ್ರಾಂತಿ ಕಳೆದ ಮೇಲೆ. ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಹಿರಿದು ನಿಂತಿರುವ, ಬಿಸಿಲು ಇನ್ನೂ ಮನುಷ್ಯರ ಮೇಲೆ ಕರುಣೆ ಇಟ್ಟಿರುವ ಕಾಲ.

ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ಯಾದಗಿರಿ ನಿಲ್ದಾಣವಿದೆ. ಎಷ್ಟೋ ಎಕ್ಸ್‌ಪ್ರೆಸ್ ರೈಲುಗಳು ಹಾಯ್ದುಹೋಗುತ್ತವೆ. ಹಾಗಾಗಿ ಈ ಊರಿನ ಹೆಸರನ್ನು ಕಿಟಕಿಯಿಂದ ಓದಿದವರು ಬಹಳ, ಇಳಿದವರು ಕಡಿಮೆ. ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಊರ ಬೆನ್ನಿಗೇ ಎದ್ದ ಕಣಶಿಲೆಯ ಬೆಟ್ಟ ಮತ್ತು ಅದರ ಮೇಲಿನ ಕೋಟೆ. ಚಾಲುಕ್ಯರು, ಯಾದವರು, ಬಹಮನಿಗಳು, ಆದಿಲ್‌ಶಾಹಿಗಳು, ಕೊನೆಗೆ ನಿಜಾಮರು ಎಲ್ಲರೂ ಕೈಯಾಡಿಸಿದ ಕೋಟೆ. ಗುಡಿ, ಮಸೀದಿ, ಬಂಡೆಯಲ್ಲಿ ಕಡೆದ ಜಿನಮೂರ್ತಿ, ಮಳೆನೀರು ಹಿಡಿಯುವ ಹೊಂಡ, ಬುರುಜಿನ ಮೇಲೆ ತುಕ್ಕು ಹಿಡಿದ ತೋಪು, ಎಲ್ಲವೂ ಒಂದರ ಪಕ್ಕ ಒಂದಿವೆ. ಬೆಳಿಗ್ಗೆ ಏಳಕ್ಕೆ ಮುಂಚೆ ಹತ್ತಿ ಇಳಿಯಿರಿ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಈ ಸೀಮೆಯ ನಿಜವಾದ ಸಂಪತ್ತು ಭೀಮಾ ನದಿ ದಾಟಿದ ಮೇಲಿದೆ.

ಕಲಬುರಗಿಯಿಂದ ಬೇರೆಯಾಗಿ 2009–10ರಲ್ಲಿ ರಾಜ್ಯದ 30ನೇ ಜಿಲ್ಲೆಯಾದಾಗ ಯಾದಗಿರಿಗೆ ಇದ್ದದ್ದು ಮೂರು ತಾಲ್ಲೂಕು: ಯಾದಗಿರಿ, ಶಹಾಪುರ, ಸುರಪುರ. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿದವು. ನಕ್ಷೆ ಬಿಡಿಸಿ ನೋಡಿದರೆ ಶಹಾಪುರ, ಸುರಪುರ, ಹುಣಸಗಿ, ವಡಗೇರಾಗಳೆಲ್ಲ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ ಇರುವ ನಡುನೆಲದಲ್ಲಿ ಬರುತ್ತವೆ. ಎರಡು ದೊಡ್ಡ ಹೊಳೆಗಳ ಮಧ್ಯೆ ಇದ್ದೂ ನೀರಿಗಾಗಿ ಬಾಯಿಬಿಡುವ ಊರುಗಳು ಇಲ್ಲಿ ನೂರಾರು ವರ್ಷ ಇದ್ದವು; ಕಾಲುವೆ ಮುಟ್ಟದ ಕಡೆ ಈಗಲೂ ಇವೆ. ನೆಲದಡಿಯ ಕಲ್ಲೂ ಒಂದೇ ತೆರನಲ್ಲ. ಒಂದು ಕಡೆ ಕಣಶಿಲೆಯ ಗುಡ್ಡ, ಇನ್ನೊಂದು ಕಡೆ ಪದರು ಪದರಾಗಿ ಏಳುವ ಸುಣ್ಣಕಲ್ಲು. ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸುತ್ತಿದ್ದ ಶಹಾಬಾದಿ ಫರಸಿಯ ಬಳಗವೇ ಇದು. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಶಹಾಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳ ಕಾಲಬುಡದಲ್ಲಿ ಎರಡು ಗೋಣಿಚೀಲ, ಮೇಲೊಂದು ಬಕೆಟ್ಟು, ಬಕೆಟ್ಟಿನೊಳಗೆ ಲಟ್ಟಣಿಗೆ, ಹಂಚು. ಊರಿಗೆ ಬಂದವರೋ ಹೊರಟವರೋ ಎಂದು ಕೇಳಿದೆ. “ಜಾತ್ರಿಗಿ ಬಂದಿದ್ವಿರಿ ಅಣ್ಣಾರ, ಮೈಲಾಪುರಕ್ಕ. ನಾಳಿ ಮತ್ತ ಬೆಂಗಳೂರಿಗಿ ಹೋಗಬೇಕು. ಬಿಲ್ಡಿಂಗ್ ಕೆಲಸರಿ,” ಎಂದಳು. ಮೈಲಾಪುರದ ಮೈಲಾರಲಿಂಗೇಶ್ವರ ಈ ಸೀಮೆಯ ದುಡಿಯುವ ಮಂದಿಯ ದೇವರು. ಸಂಕ್ರಾಂತಿಗೆ ಗುಡ್ಡದ ತುಂಬ ಭಂಡಾರದ ಹಳದಿ. ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆಯನ್ನು ನಿಷೇಧಿಸಿ ವರ್ಷಗಳಾದವು. ಜಾತ್ರೆಗೆ ಬರುವ ದಾರಿಗಳಲ್ಲಿ ತಪಾಸಣೆ ನಡೆಯುತ್ತದೆ, ಮರಿಗಳನ್ನು ಅಲ್ಲೇ ಇಳಿಸಿಕೊಳ್ಳುತ್ತಾರೆ. ಗುಳೆ ಹೋದವರು ದೀಪಾವಳಿ, ಯುಗಾದಿ ತಪ್ಪಿಸಿಯಾರು, ಜಾತ್ರೆ ತಪ್ಪಿಸುವುದಿಲ್ಲ. ಬೆಂಗಳೂರು, ಪುಣೆ, ಮುಂಬೈಗಳ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಈ ಜಿಲ್ಲೆಯವರು ಬಹಳ ಮಂದಿ. ಮಕ್ಕಳು ತಾಯ್ತಂದೆಯರ ಜೊತೆ ಹೋಗುತ್ತವೆ, ಶಾಲೆಯ ಹಾಜರಿಯಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಎಸ್ಸೆಸ್ಸೆಲ್ಸಿ ಪಟ್ಟಿಯ ಅರ್ಧ ಕಥೆ ಆ ಬಕೆಟ್ಟಿನೊಳಗೇ ಇತ್ತು.

ಶಹಾಪುರ ಹತ್ತಿರವಾಗುತ್ತಿದ್ದಂತೆ ಬಸ್ಸಿನವರೆಲ್ಲ ಕಿಟಕಿಯಾಚೆ ಕೈ ತೋರಿಸುತ್ತಾರೆ. ಗುಡ್ಡಗಳ ಸಾಲು ಒಂದು ಕೋನದಿಂದ ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಲೆಕ್ಕಕ್ಕೆ ಸರಿ. ನಾಲ್ಕು ಹೆಜ್ಜೆ ಮುಂದೆ ಹೋದರೆ ಮತ್ತೆ ಬರೀ ಗುಡ್ಡ. ಫೋಟೋ ತೆಗೆಯುವವರ ಗುಂಪು ಅಲ್ಲೇ ನಿಲ್ಲುತ್ತದೆ, ಸಮೀಪದ ವಿಭೂತಿಹಳ್ಳಿಗೆ ಹೋಗುವವರಿಲ್ಲ. ಅಲ್ಲಿ ಬಯಲಿನಲ್ಲಿ ದುಂಡುಬಂಡೆಗಳನ್ನು ಓರಣವಾಗಿ ಸಾಲುಸಾಲು ಇಟ್ಟಿದ್ದಾರೆ. ಬೃಹತ್ ಶಿಲಾಯುಗದ ಕಾಲದ್ದು, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಕೃತಿ ತಾನಾಗಿ ಮಾಡಿದ ಬುದ್ಧನಿಗಿಂತ, ಮನುಷ್ಯರು ಬೆವರು ಸುರಿಸಿ ಉರುಳಿಸಿ ತಂದು ಇಟ್ಟ ಈ ಬಂಡೆಗಳೇ ನನಗೆ ಹೆಚ್ಚು.

ಗೋಗಿಯದು ಇನ್ನೊಂದು ಸೋಜಿಗ. ಬಿಜಾಪುರ ಎಂದರೆ ಗೋಲಗುಂಬಜ್ ಎನ್ನುವ ನಮಗೆ, ಅಲ್ಲಿ ಆಳಿದ ಆದಿಲ್‌ಶಾಹಿ ವಂಶದ ಮೂಲಪುರುಷ ಯೂಸುಫ್ ಆದಿಲ್ ಶಾ ಮಲಗಿರುವುದು ಶಹಾಪುರ ತಾಲ್ಲೂಕಿನ ಈ ಹಳ್ಳಿಯಲ್ಲಿ ಎಂಬುದು ತಿಳಿದಿರುವುದಿಲ್ಲ. ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾದ ಆವರಣದಲ್ಲಿ ಮೊದಲ ಕೆಲವು ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿವೆ. ಗುಂಬಜ್ಜಿನ ದೊಡ್ಡಸ್ತಿಕೆ ಏನೂ ಇಲ್ಲ, ಗುರುವಿನ ಕಾಲಬಳಿ ಮಲಗಿದ ಶಿಷ್ಯರ ವಿನಯವಿದೆ. ಅದೇ ಗೋಗಿಯ ನೆಲದಡಿಯಲ್ಲಿ, ಸುಣ್ಣಕಲ್ಲೂ ಕಣಶಿಲೆಯೂ ಸಂಧಿಸುವ ಬಿರುಕಿನಲ್ಲಿ, ಯುರೇನಿಯಂ ಇದೆ ಎಂದು ಅಣು ಖನಿಜ ಇಲಾಖೆ ಕಂಡುಹಿಡಿಯಿತು. ಪರಿಶೋಧನೆಗೆಂದು ಗಣಿ ತೋಡಿದರು, ನೀರು ಕೆಡುತ್ತದೆಂದು ಊರವರು ತಿರುಗಿಬಿದ್ದರು. ದರ್ಗಾದ ಮುಂದಿನ ಚಹಾದಂಗಡಿಯಲ್ಲಿ ಸುಲ್ತಾನರ ಮಾತೆತ್ತಿದರೆ ಒಂದು ವಾಕ್ಯದ ಉತ್ತರ. ಯುರೇನಿಯಂ ಎಂದರೆ ಸಾಕು, ನಾಲ್ಕು ಮಂದಿ ಬೆಂಚು ಎಳೆದುಕೊಂಡು ಕೂರುತ್ತಾರೆ.

ಸುರಪುರಕ್ಕೆ ಬಂದಾಗ ಊಟದ ಹೊತ್ತು. ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹಿಂಡಿ, ಗಟ್ಟಿಮೊಸರು. ಬೆಟ್ಟಗಳ ಬಟ್ಟಲಲ್ಲಿ ಕೂತ ಊರು ಇದು. ಒಂದು ಓಣಿ ಮೇಲೆ ಹತ್ತಿದರೆ ಅರಮನೆ, ಇನ್ನೊಂದು ಹತ್ತಿದರೆ ವೇಣುಗೋಪಾಲಸ್ವಾಮಿ ಗುಡಿ. ಗೋಕುಲಾಷ್ಟಮಿಯ ಹೊತ್ತಿಗೆ ಗುಡಿಯ ಮುಂದೆ ಎಣ್ಣೆ, ಲೋಳೆ ಬಳಿದ ಎತ್ತರದ ಕಂಬಗಳನ್ನು ಏರುವ ಸ್ಪರ್ಧೆ ಈಗಲೂ ನಡೆಯುತ್ತದೆ. ಕೆಳಗಿನವರು ನೀರೆರಚಿ ಜಾರಿಸುತ್ತಾರೆ, ಮೇಲಿನವರು ಹತ್ತುತ್ತಾರೆ. ಸುರಪುರವನ್ನು ಆಳಿದ ಬೇಡರ ನಾಯಕರ ಕಾಲದಿಂದ ಬಂದ ಆಟ.

ಆ ನಾಯಕರ ಕಥೆ ಸುರಪುರದಲ್ಲಲ್ಲ, ಪಶ್ಚಿಮಕ್ಕೆ ಸ್ವಲ್ಪ ದೂರದ ವಾಗಣಗೇರಾದಲ್ಲಿ ಶುರುವಾಗಬೇಕು. ಮೊಘಲ್ ಬಾದಶಹ ಔರಂಗಜೇಬ ಜೀವನದಲ್ಲಿ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇಲ್ಲಿಯದು. 1705ರ ಫೆಬ್ರುವರಿಯಲ್ಲಿ ಅವನ ದಂಡು ಬಂತು. ಎಂಬತ್ತಾರು ದಾಟಿದ ಬಾದಶಹ, ಎದುರಿಗೆ ಬೇಡರ ಪಿಡ್ಡನಾಯಕ. ಕೋವಿಯ ಗುರಿಯಲ್ಲಿ ಬೇಡರನ್ನು ಮೀರಿಸಿದವರಿಲ್ಲ ಎಂಬುದು ಆಗ ದಖ್ಖನ್ನಿಗೆಲ್ಲ ಗೊತ್ತಿದ್ದ ಮಾತು. ಮರಾಠರೂ ನೆರವಿಗೆ ಬಂದರು. ನಾಯಕ ಒಂದು ಕೈಯಲ್ಲಿ ಸಂಧಾನದ ಮಾತು ನಡೆಸುತ್ತ ಇನ್ನೊಂದು ಕೈಯಲ್ಲಿ ಕಾದಾಡಿದ. ಏಪ್ರಿಲ್ ಕೊನೆಗೆ ಕೋಟೆ ಬಿದ್ದಾಗ ಒಳಗೆ ಸಿಕ್ಕಿದ್ದು ಬೆಂಕಿ ಹತ್ತಿದ ಮನೆಗಳು. ನಾಯಕ, ಅವನ ಜನ ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದರು. ಬಾದಶಹ ಊರಿಗೆ ರಹಮಾನ್ ಬಕ್ಷ್ ಖೇಡಾ ಎಂದು ಹೆಸರಿಟ್ಟು ಸಮಾಧಾನಪಟ್ಟ, ಕೃಷ್ಣೆಯ ಕಡೆಗಿರುವ ದೇವಾಪುರದಲ್ಲಿ ಮಳೆಗಾಲ ಕಳೆಯಲು ಬಿಡಾರ ಹೂಡಿದ, ಅಲ್ಲೇ ಜೀವಕ್ಕೆ ಬರುವಷ್ಟು ಕಾಯಿಲೆ ಬಿದ್ದ. ಚೇತರಿಸಿಕೊಂಡು ಅಹಮದ್‌ನಗರಕ್ಕೆ ಹೋದವನು 1707ರಲ್ಲಿ ತೀರಿಕೊಂಡ. ಅವನಿಟ್ಟ ಹೆಸರು ಈಗ ಇತಿಹಾಸದ ಪುಸ್ತಕಗಳಲ್ಲಿ ಮಾತ್ರ ಇದೆ. ಪಿಡ್ಡನಾಯಕ ಸುರಪುರದ ಬೆಟ್ಟದಲ್ಲಿ ಹೊಸ ರಾಜಧಾನಿ ಕಟ್ಟಿದ. ವಾಗಣಗೇರಾದ ಕೋಟೆಗೆ ಹೋದರೆ ಜಾಲಿಮುಳ್ಳು, ಕುಸಿದ ಗೋಡೆ, ಮೇಯುವ ಆಡು. ಸಿಂಹಗಡಕ್ಕೋ ಗೋಲ್ಕೊಂಡಕ್ಕೋ ಇಂಥ ಕಥೆಯಿದ್ದರೆ ಟಿಕೆಟ್ ಹರಿಯುತ್ತಿದ್ದರು ಎಂದು ಅನ್ನಿಸದೆ ಇರುವುದಿಲ್ಲ.

ಸುರಪುರದ ಇನ್ನೊಂದು ಬೆಟ್ಟದ ತುದಿಗೆ ಟೇಲರ್ ಮಂಜಿಲ್ ಇದೆ. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮುಂಬೈಗೆ ಬಂದು ನಿಜಾಮನ ಸೇವೆಗೆ ಸೇರಿದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. 1839ರಲ್ಲಿ ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಬಂದು ಇಂಗ್ಲೆಂಡಿನಲ್ಲೆಲ್ಲ ಹೆಸರಾದ. ಅಷ್ಟಾಗಿ ಎರಡು ವರ್ಷಕ್ಕೆ, 1841ರಲ್ಲಿ, ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಸುರಪುರಕ್ಕೆ ಬಂದ. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಇನ್ನೂ ಬಾಲಕ. ನಿಜಾಮನಿಗೆ ಕಟ್ಟಬೇಕಾದ ಕಪ್ಪಕಾಣಿಕೆಯ ಬಾಕಿ ಸಂಸ್ಥಾನದ ಕುತ್ತಿಗೆಗೆ ಬಿದ್ದಿತ್ತು. ತಾಯಿ ರಾಣಿ ಈಶ್ವರಮ್ಮನಿಗೂ ಈ ಬಿಳಿಯನಿಗೂ ಎಣ್ಣೆ–ಸೀಗೆಕಾಯಿ. ಅವನ ಆತ್ಮಕಥೆಯಲ್ಲಿ ರಾಣಿಯ ಬಗ್ಗೆ ಒಳ್ಳೆಯ ಮಾತು ಹುಡುಕಿದರೆ ಸಿಗುವುದು ಕಷ್ಟ. ರಾಣಿ ಆತ್ಮಕಥೆ ಬರೆದಿಲ್ಲವಲ್ಲ, ಆಕೆಯ ಪಕ್ಷವನ್ನು ನಾವೇ ಊಹಿಸಿಕೊಳ್ಳಬೇಕು.

1853ರವರೆಗೆ ಟೇಲರ್ ಇಲ್ಲಿದ್ದ. ಲೆಕ್ಕಪತ್ರ ಸರಿಮಾಡಿದ, ರಸ್ತೆ ಮಾಡಿಸಿದ, ನಾಯಕರ ಕಾಲದ ಬೋನಾಳ ಕೆರೆಯನ್ನು ವಿಸ್ತರಿಸಿದ. ಆ ಕೆರೆ ಇವತ್ತು ಪಕ್ಷಿಧಾಮ. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ನಾನು ಹೋದ ಸಂಜೆ ಬಾತುಗಳಿಗಿಂತ ಮೀನು ಹಿಡಿಯುವವರ ಬುಟ್ಟಿದೋಣಿಗಳೇ ಹತ್ತಿರದಲ್ಲಿದ್ದವು. ಬಿಡುವಿದ್ದಾಗ ಈ ಸಾಹೇಬ ಹಳ್ಳಿಹಳ್ಳಿ ತಿರುಗಿ ಹಳೆಯ ಗೋರಿಕಲ್ಲುಗಳನ್ನು ಅಗೆದು ಅಳೆದು ಚಿತ್ರ ಬರೆದ. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ತಳಪಾಯ ಹಾಕಿದವರಲ್ಲಿ ಅವನೊಬ್ಬ.

ಅವನು ಸಾಕಿ ಬೆಳೆಸಿದ ಹುಡುಗನ ಕಥೆ ಮಾತ್ರ ಸುರಪುರದ ಎದೆಯಲ್ಲಿ ಇನ್ನೂ ಹಸಿಯಾಗಿದೆ. ಬಾಲಕನಾಗಿದ್ದಾಗ ವೆಂಕಟಪ್ಪ ನಾಯಕ ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1857ರ ದಂಗೆಯ ಗಾಳಿ ಬೀಸಿದಾಗ ಅವನಿಗೆ ಇಪ್ಪತ್ತಮೂರರ ಪ್ರಾಯ. 1858ರ ಫೆಬ್ರುವರಿಯಲ್ಲಿ ಬ್ರಿಟಿಷ್ ಪಡೆ ಸುರಪುರದ ಮೇಲೆ ಬಿತ್ತು. ಮೊದಲ ಕಾದಾಟದಲ್ಲೇ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊಡ್ಡ ಸೈನ್ಯ ಬರುವುದು ತಿಳಿದು ನಾಯಕ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ. ಟೇಲರ್ ಜೈಲಿಗೆ ಹೋಗಿ ನೋಡಿಬಂದ. ಮರಣದಂಡನೆ ಕರಗಿ ಕರಗಿ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ನಾಯಕ ಸತ್ತ. ತಾನೇ ಹೊಡೆದುಕೊಂಡ ಎನ್ನುತ್ತದೆ ದಾಖಲೆ. ಸುರಪುರದಲ್ಲಿ ಯಾರನ್ನು ಬೇಕಾದರೂ ಕೇಳಿ, ಕೊಂದರು ಎನ್ನುತ್ತಾರೆ. ಎರಡು ವರ್ಷ ಕಳೆದು, 1860ರಲ್ಲಿ, ಬ್ರಿಟಿಷರು ಇಡೀ ಸಂಸ್ಥಾನವನ್ನು ದಂಗೆಯಲ್ಲಿ ತಮ್ಮ ಪಕ್ಷ ಬಿಡದ ನಿಜಾಮನಿಗೆ ಇನಾಮಾಗಿ ಕೊಟ್ಟರು. ಹೋರಾಡಿದ ನಾಡನ್ನು ಹೋರಾಡದವನಿಗೆ ಉಡುಗೊರೆ ಕೊಟ್ಟ ಈ ಒಂದು ಕಾಗದವನ್ನು ಓದದೆ ಇಲ್ಲಿಯ ‘ಹಿಂದುಳಿದಿರುವಿಕೆ’ಯ ಬಗ್ಗೆ ಮಾತಾಡುವುದು ಅನ್ಯಾಯ. ಅಲ್ಲಿಂದ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳಿಕೆ. ರಾಜಭಾಷೆ ಬೇರೆ, ರಾಜಧಾನಿ ದೂರ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬರಲು 2012–13 ಆಗಬೇಕಾಯಿತು.

ಸಂಸ್ಥಾನದ ಆಸರೆ ಹೋದಮೇಲೆ ಅರಮನೆಯ ಚಿತ್ರಕಾರರೂ ಚೆದುರಿದರು. ಗರುಡಾದ್ರಿ ಮನೆತನದವರು ಬರೆಯುತ್ತಿದ್ದ, ಚಿನ್ನದ ರೇಕು ಹಚ್ಚಿದ ಸಣ್ಣ ಸಣ್ಣ ದೇವರಪಟಗಳಿಗೆ ಸುರಪುರ ಶೈಲಿ ಎಂದೇ ಹೆಸರು. ಮೈಸೂರು, ತಂಜಾವೂರು ಚಿತ್ರಗಳ ಹೆಸರು ಎಲ್ಲರ ಬಾಯಲ್ಲಿದೆ. ಇದರದ್ದು ಕಲಾಸಕ್ತರ ಆಚೆ ದಾಟಲಿಲ್ಲ.

ದೇವಾಪುರ ದಾಟಿ ಕೃಷ್ಣೆಯ ದಂಡೆಗೆ ಇಳಿದರೆ ತಿಂಥಣಿ. ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದ ಮೌನೇಶ್ವರರ ಗದ್ದುಗೆ. ಭಾರತ ಹುಣ್ಣಿಮೆಯ ಜಾತ್ರೆಯ ಜಯಘೋಷದಲ್ಲಿ ಪೀರ್, ಪೈಗಂಬರರ ಹೆಸರೂ ಬರುತ್ತದೆ, ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಹುಣಸಗಿ ಕಡೆಯ ಕೊಡೇಕಲ್ಲಿನಲ್ಲೂ ಇಂಥದೇ ಪರಂಪರೆ. ಅಲ್ಲಿಯ ಬಸವಣ್ಣನವರು ಕಾಲಜ್ಞಾನ ಹೇಳಿದವರು. ಆ ವಚನಗಳನ್ನು ಹೊರಗಿನವರಿಗೆ ಓದಲು ಬಾರದ ಅಮರಗನ್ನಡದ ಗುಪ್ತಲಿಪಿಯಲ್ಲಿ ಬರೆದಿಟ್ಟರು. ಮಳವಳ್ಳಿ, ಕೊಳ್ಳೇಗಾಲದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಬೇರು ಹುಡುಕುತ್ತ ಹೋದವರು ಇಲ್ಲಿಗೇ ಬಂದು ಮುಟ್ಟುತ್ತಾರೆ.

ಹುಣಸಗಿಗೆ ಬಂದೆ. ಇಲ್ಲಿಂದ ಮುಂದೆ ಅವಸರ ಬೇಡ.

ಹುಣಸಗಿ–ಬೈಚಬಾಳ ಕಣಿವೆ ಎಂದರೆ ಸುತ್ತ ತಗ್ಗು ಗುಡ್ಡಗಳು, ನಡುವೆ ಹೊಲ, ಅಲ್ಲಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಗಳು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ ಹಲವು ದಶಕ ಈ ಕಣಿವೆಯಲ್ಲಿ ನಡೆದಾಡಿ ಹಳೆ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಅವುಗಳಲ್ಲಿ ಹಿರಿಯದು ಇಸಾಂಪುರ. ನೀರಾವರಿ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದಾಗ ಕೆಳಗಿನ ಸುಣ್ಣಕಲ್ಲಿನ ಹಾಸು, ಅದರ ಮೇಲೆ ಚೆಲ್ಲಾಡಿದ ಆಯುಧಗಳು ಬೆಳಕಿಗೆ ಬಂದವು. 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಯಿತು. ಸಿಕ್ಕ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಭಾರತದ ಅತಿ ಹಳೆಯ ಮಾನವ ನೆಲೆಗಳಲ್ಲಿ ಇದೊಂದು.

ಅಲ್ಲಿ ನಡೆದಿದ್ದೇನು? ಕಲ್ಲಿನ ಕಾರ್ಖಾನೆ. ಮೊದಲು ಹೇಳಿದ್ದೆನಲ್ಲ, ಪದರಾಗಿ ಏಳುವ ಕಲ್ಲು. ಅಂದಿನ ಮಂದಿ ಬಿರುಕಿಗೆ ಮೀಟಿ ಹಲಗೆ ಎಬ್ಬಿಸಿದರು, ಗಟ್ಟಿಕಲ್ಲಿನ ಗುಂಡಿನಿಂದ ಅಂಚು ಹೊಡೆದು ಕೈಗೊಡಲಿ ಮಾಡಿದರು, ದೊಡ್ಡ ಚಕ್ಕೆ ಎಬ್ಬಿಸಿ ಸೀಳುಗತ್ತಿ ಮಾಡಿದರು. ಅರ್ಧಕ್ಕೆ ಕೈಬಿಟ್ಟವು, ಹೊಡೆತ ತಪ್ಪಿ ಒಡೆದವು, ಹಾರಿಬಿದ್ದ ಚಕ್ಕೆಗಳು ಎಲ್ಲ ಅಲ್ಲಲ್ಲೇ ಉಳಿದವು. ಆದ್ದರಿಂದಲೇ ಯಾವ ಕೆಲಸ ಯಾವ ಕ್ರಮದಲ್ಲಿ ನಡೆಯಿತೆಂದು ವಿದ್ವಾಂಸರು ಓದಲು ಸಾಧ್ಯವಾಯಿತು. ಇವರು ನಮ್ಮಂಥ ಮನುಷ್ಯರೂ ಅಲ್ಲ, ನಮಗಿಂತ ಹಿಂದಿನ ಮಾನವ ಕುಲ. ಆದರೂ ಕಲ್ಲು ನೋಡಿ ಆರಿಸುವ ಕಣ್ಣು, ಎಲ್ಲಿ ಹೊಡೆದರೆ ಎಲ್ಲಿ ಸೀಳುತ್ತದೆಂಬ ಅಂದಾಜು ಅವರಿಗಿತ್ತು.

ಹೊಲದಂಚಿನಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಸಿಕ್ಕರು. “ಏನ್ ನೋಡಾಕ ಬಂದೀರಿ ಸರ?” ಎಂದರು.

“ಹಳೇ ಕಲ್ಲು ನೋಡಾಕ, ಮುತ್ಯಾ.”

“ಮೊದಲ ಭಾಳ ಮಂದಿ ಬರ್ತಿದ್ರು. ಬುಟ್ಟ್ಯಾಗ ಮಣ್ಣು ಸಾಣಿಸಿ ಸಾಣಿಸಿ ನೋಡ್ತಿದ್ರು. ಬಂಗಾರ ಸಿಕ್ಕೀತೇನೋ ಅಂತ ನಾವೂ ನಿಂತು ನೋಡಿದ್ವಿ. ಬರೇ ಕಲ್ಲು ಚೀಲದಾಗ ತುಂಬಿಕೊಂಡು ಹ್ವಾದ್ರು,” ಎಂದು ನಕ್ಕರು. ತುಸು ಹೊತ್ತು ಬಿಟ್ಟು, “ಇಲ್ಲಿ ಮಂದಿ ಆವಾಗಿಂದ ಅದಾರಂತ, ಖರೇ ಏನ್ರಿ?” ಎಂದು ಕೇಳಿದರು. ಖರೇ ಎಂದೆ. “ಅಂದ್ರ ನೀರ ಇತ್ತು ಅಂತ ಆತು,” ಎಂದರು. ಪದ್ದಯ್ಯನವರ ಲೇಖನಗಳಲ್ಲೂ ಒರತೆಯ ನೀರಿಗೇ ಮೊದಲ ಮಣೆ.

ಇದೇ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದೊಡ್ಡಿ ಕಟ್ಟಿ, ಸೆಗಣಿಯ ರಾಶಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬವಿದೆ. ರಾಜನಕೊಳ್ಳೂರಿನಲ್ಲಿ ಕಲ್ಲುಹಲಗೆಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ಹಲಗೆ ಹೊದಿಸಿದ ಗೋರಿಗಳಿವೆ. ಟೇಲರ್ ವರ್ಣಿಸಿದ್ದು ಇವನ್ನೇ. ಕುಳ್ಳಜನರು ಕಟ್ಟಿಕೊಂಡ ಮನೆಗಳು ಎಂಬ ಕಥೆಯನ್ನು ಅವನ ಕಾಲದಲ್ಲೇ ಊರವರು ಹೇಳುತ್ತಿದ್ದರು. ಇವತ್ತಿಗೂ ಈ ಭಾಗದ ಹಳ್ಳಿಗಳಲ್ಲಿ ಮನೆಯ ಗೋಡೆಗೆ, ಮಾಳಿಗೆಗೆ, ದನದ ಕೊಟ್ಟಿಗೆಗೆ, ಹೊಲದ ಬದುವಿಗೆ ಆ ಹಾಸುಗಲ್ಲೇ. ಒಂದೇ ಕಲ್ಲಿನ ಜೊತೆ ಇಷ್ಟು ದೀರ್ಘಕಾಲ ಸಂಸಾರ ಮಾಡಿದ ಇನ್ನೊಂದು ಸೀಮೆಯನ್ನು ನಾನು ನೋಡಿಲ್ಲ.

ಪಶ್ಚಿಮಕ್ಕೆ ಹೋದರೆ ನಾರಾಯಣಪುರ. ಕೃಷ್ಣೆಗೆ ಅಡ್ಡವಾಗಿ 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟೆ, ಅದರ ಕೆಳಗೆ ಛಾಯಾ ಭಗವತಿಯ ಗುಡಿ. ಎಡದಂಡೆ ಕಾಲುವೆ ಈ ಸೀಮೆಯ ಬಣ್ಣವನ್ನೇ ಬದಲಿಸಿದೆ. ಜೋಳ, ತೊಗರಿಯ ಹೊಲ ಭತ್ತದ ಗದ್ದೆಯಾಗಿದೆ, ಮೆಣಸಿನಕಾಯಿ, ಹತ್ತಿ ಬಂದಿವೆ. ಆಂಧ್ರದಿಂದ ಬಂದ ರೈತರ ‘ಕ್ಯಾಂಪು’ಗಳು ಎದ್ದಿವೆ. ಕೊನೆಯಂಚಿನ ರೈತರು ಹಿಂಗಾರಿಗೆ ನೀರು ಬಿಡಿ ಎಂದು ಕಾಲುವೆಯ ಮೇಲೆ ಧರಣಿ ಕೂರುವುದೂ ನಡೆದೇ ಇದೆ. ನೀರು ಬಂದ ಊರಿನವರು ಗುಳೆ ಬಿಟ್ಟಿದ್ದಾರೆ, ಬಾರದ ಊರಿನವರು ಬೆಂಗಳೂರಿನ ಬಸ್ಸಿಗೆ ಕಾಯುತ್ತಾರೆ. ಈ ಜಿಲ್ಲೆಯನ್ನು ಒಂದೇ ಸಂಖ್ಯೆಯಲ್ಲಿ ಅಳೆಯುವವರು ಒಂದೇ ತಾಲ್ಲೂಕಿನೊಳಗಿನ ಈ ಅಂತರವನ್ನು ಬಂದು ನೋಡಬೇಕು.

ಹೋಗಬೇಕೆನ್ನುವವರಿಗೆ: ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ, ಏಪ್ರಿಲ್–ಮೇ ಬಿಸಿಲಿನ ಸಹವಾಸ ಬೇಡ. ಯಾದಗಿರಿಯಲ್ಲಿ ಇಳಿದು ಶಹಾಪುರ, ಸುರಪುರ, ಹುಣಸಗಿ ದಾರಿಯಲ್ಲೇ ಬಸ್ಸಿನಲ್ಲಿ ಸುತ್ತಬಹುದು. ಇಸಾಂಪುರ, ರಾಜನಕೊಳ್ಳೂರಿಗೆ ಹುಣಸಗಿಯಿಂದ ಆಟೋ ಮಾಡಿಕೊಳ್ಳಿ, ಊರವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮತ್ತು ಇಸಾಂಪುರದಲ್ಲಿ ಚೂಪು ಅಂಚಿನ ಚಕ್ಕೆಯೊಂದು ಕಾಲಿಗೆ ತಾಕಿದರೆ ಎತ್ತಿ ನೋಡಿ, ಬೇಕಾದರೆ ಫೋಟೋ ತೆಗೆಯಿರಿ, ಆಮೇಲೆ ಇದ್ದ ಜಾಗದಲ್ಲೇ ಇಟ್ಟುಬನ್ನಿ.